ಬೀಳ್ಕೊಡುಗೆಯ ಲೋಟ

"ನಾನು ತಂದಿಲ್ಲ ಡಾಕ್ಟರಮ್ಮ. ನನ್ನ ತಮ್ಮನಾಣೆ, ಒಂದು ಮಾತ್ರೇನೂ ನಾನು ಒಳಗೆ ತಗೊಂಡು ಹೋಗಿಲ್ಲ."

ಬಸ್ ಕಂಡಕ್ಟರ್ ಸಮವಸ್ತ್ರದಲ್ಲೇ ಓಡಿ ಬಂದಿದ್ದ ಆ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು ಆಡಿದ ಮೊದಲ ಮಾತೇ ಇದು. ನನ್ನ ಚಿಕ್ಕಮ್ಮ ಕನ್ನಡಕ ಮೇಲೇರಿಸಿ, "ಮೊದಲು ನೀರು ಕುಡಿ, ಆಮೇಲೆ ಮೊದಲಿಂದ ಹೇಳು" ಅಂದಳು.

ಚಿಕ್ಕಮ್ಮ ನಿವೃತ್ತಿಯಾಗುವವರೆಗೆ ದೊಡ್ಡಾಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಡಾಕ್ಟರು. "ಸತ್ತವರು ಸುಳ್ಳು ಹೇಳಲ್ಲ ಕಣೋ, ಅದಕ್ಕೇ ಬದುಕಿರೋರ ಹತ್ರ ನಂಗೆ ತಾಳ್ಮೆ ಕಮ್ಮಿ" ಅನ್ನುತ್ತಾಳೆ. ನನ್ನ ಡ್ರೈವಿಂಗ್ ಸ್ಕೂಲಿನ ಮಹಡಿಗೆ ಅವಳು ಬಂದು ನೆಲೆಸಿದ ಮೇಲೆ, ಕಾರು ಕಲಿಯಲು ಬರುವವರಿಗಿಂತ ಕಷ್ಟ ಹೇಳಿಕೊಳ್ಳಲು ಬರುವವರೇ ಜಾಸ್ತಿಯಾದರು. ನಾನು ಅವಳ ಡ್ರೈವರ್, ಜೊತೆಗೆ ಅವಳ ಪಾಲಿನ ಸಿಟ್ಟನ್ನೂ ಮಾಡಿಕೊಳ್ಳುವವ. ಈ ಪ್ರಕರಣದಲ್ಲಿ ಆ ಕೆಲಸಕ್ಕೇನೂ ಬರ ಬರಲಿಲ್ಲ.

ಕಂಡಕ್ಟರಮ್ಮನ ತಮ್ಮ ಕಟ್ಟಡಗಳಿಗೆ ಬಣ್ಣ ಹೊಡೆಯುವ ಪೇಂಟರ್. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಾಗ ಡಾಕ್ಟರರು ಬಲವಾದ ನೋವಿನ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಚಟ ಬಿಡಿಸಲು ಅಕ್ಕನ ಮುಂದೆ ಎರಡು ದಾರಿಗಳಿದ್ದವು. ಒಂದು, ಸರ್ಕಾರಿ ಕ್ಲಿನಿಕ್: ಅಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಔಷಧಿ ಕೊಟ್ಟು, ದಿನಾ ನೋಡಿ, ಮಾತಾಡಿಸಿ, ನಿಧಾನಕ್ಕೆ ದಾರಿಗೆ ತರುತ್ತಾರೆ. ಇನ್ನೊಂದು, ಊರ ಹೊರಗಿನ ಒಂದು ಆಶ್ರಯಮನೆ. ಅದರ ಗೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಇಲ್ಲಿ ಔಷಧಿಯಿಲ್ಲ. ಇಲ್ಲಿ ಯಾರೂ ನರಳುವುದಿಲ್ಲ.'

"ನಮ್ಮ ಸೋದರಮಾವ ಅಂದ್ರು, ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆಯಾ ಅಂತ. ನಂಗೂ ಸರಿ ಅನ್ನಿಸ್ತು. ಅಲ್ಲಿಗೇ ಸೇರಿಸ್ದೆ."

"ಸೇರಿದ ಹೊಸದ್ರಲ್ಲಿ ನರಳಿದನಾ?" ಚಿಕ್ಕಮ್ಮ ಕೇಳಿದಳು.

"ಇಲ್ಲ, ಅದೇ ಆಶ್ಚರ್ಯ! ಮನೇಲಿ ಒಂದಿನ ಮಾತ್ರೆ ಸಿಗದಿದ್ರೆ ನೆಲಕ್ಕೆ ಬಿದ್ದು ಒದ್ದಾಡ್ತಿದ್ದ. ಅಲ್ಲಿ ಹೂವಿನ ಹಾಗಿದ್ದ. ತಿಂಗಳು ಕಳೆದ ಮೇಲೆ ಒಂದ್ಸಲ ಜೋರು ಶೀತ ಆಯ್ತಂತೆ, ಅಷ್ಟೇ. ಮೂಗು ಕಣ್ಣೆಲ್ಲ ನೀರು, ಒಂದೇ ಸಮ ಆಕಳಿಕೆ, ಚಳಿ, ಭೇದಿ ಬೇರೆ. ಅಂಟುತ್ತೆ ಅಂತ ಬೇರೆ ಕೋಣೇಲಿ ಹಾಕಿದ್ರು."

"ಬೇರೆ ಯಾರಿಗಾದ್ರೂ ಅಂಟಿತಾ?"

"ಇಲ್ಲವಂತೆ."

ಚಿಕ್ಕಮ್ಮ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಪೇಂಟರ್ ಮನೆಗೆ ಹೊರಡುವ ಹಿಂದಿನ ಸಂಜೆ ಅವನಿಗೆ ಬೀಳ್ಕೊಡುಗೆ ನಡೆದಿತ್ತು. ಅದಾದ ಸ್ವಲ್ಪ ಹೊತ್ತಿಗೆ ಅವನು ಹಾಸಿಗೆಯಲ್ಲಿ ತುಟಿ ನೀಲಿಗಟ್ಟಿ, ಉಸಿರು ಸಿಕ್ಕದೆ ಬಿದ್ದಿದ್ದ. ನರ್ಸು ಇಂಥ ಮದ್ದಿನ ಅಮಲನ್ನು ತಕ್ಷಣ ಇಳಿಸುವ ಸ್ಪ್ರೇಯನ್ನು ಮೂಗಿಗೆ ಹೊಡೆದು ಉಳಿಸಿದಳು. ರಕ್ತದಲ್ಲಿ ಆ ನೋವಿನ ಮಾತ್ರೆಯ ಜಾತಿಯದೇ ಮದ್ದು ಸಿಕ್ಕಿತು. ಮಧ್ಯಾಹ್ನ ನೋಡಲು ಬಂದವಳು ಅಕ್ಕ ಒಬ್ಬಳೇ. ತಂದವಳು ಅವಳೇ ಎಂದು ಡೈರೆಕ್ಟರು ತೀರ್ಮಾನ ಕೊಟ್ಟುಬಿಟ್ಟರು.

"ನಾಳೆ ಎಲ್ಲಾ ಮನೆಯವರ ಮುಂದೆ ತಪ್ಪೊಪ್ಪಿಕೊಂಡು, ಅವನನ್ನ ಇನ್ನೊಂದು ವರ್ಷಕ್ಕೆ ಸೇರಿಸ್ಬೇಕಂತೆ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್. ನನ್ನ ಕೆಲಸ ಹೋಗುತ್ತೆ. ಆಸ್ಪತ್ರೇಲಿ ಇವನು ಗೋಡೆ ಕಡೆ ತಿರುಗಿ, 'ಅಲ್ಲಿಗೆ ಮಾತ್ರ ಬೇಡಕ್ಕಾ' ಅಂತಾನೆ. ಯಾಕೋ ಅಂದ್ರೆ ಮಾತಿಲ್ಲ. ಅತ್ತ ದರಿ, ಇತ್ತ ಪುಲಿ. ನಾನೇನ್ ಮಾಡ್ಲಿ?"

ಅವಳನ್ನು ಸಮಾಧಾನ ಮಾಡಿ ಕಳಿಸಿ, ಅದೇ ಮಧ್ಯಾಹ್ನ ನಾವು ಆಶ್ರಯಮನೆಗೆ ಹೋದೆವು. ಡೈರೆಕ್ಟರು ಬೆಣ್ಣೆಯಂಥ ಮಾತಿನ ಮನುಷ್ಯ. ಟೀ ತರಿಸಿ, ತಮ್ಮ ಕಪ್ಪಿಗೆ ಸಕ್ಕರೆ ಮೇಲೆ ಸಕ್ಕರೆ ಸುರಿದುಕೊಂಡು ಕಲಕುತ್ತ, "ನಮ್ಮದು ಬರೀ ಶಿಸ್ತು ಮತ್ತು ಬೇರಿನ ಕಷಾಯ. ದಿನಾ ಸಂಜೆ ಇವರ ಜೊತೆ ಕೂತು ನಾನೂ ಒಂದು ಲೋಟ ಕುಡೀತೀನಿ" ಅಂದರು. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, "ಮನೆಯವರೇ ವಿಷ ತಂದು ಕೊಟ್ರೆ ನಾವೇನು ಮಾಡೋಣ ಹೇಳಿ?" ಅಂದರು. ಅಬ್ಬಾ, ಆ ನಿಟ್ಟುಸಿರು!

ಪರದೆ ಎಳೆದು ಮಬ್ಬಾಗಿದ್ದ ಹಜಾರದಲ್ಲಿ ಹತ್ತಾರು ಜನ ಕೂತಿದ್ದರು. ಯಾರ ಮುಖದಲ್ಲೂ ಸಂಕಟವಿರಲಿಲ್ಲ. ಒಬ್ಬ ಮೂಗು ಕೆರೆದುಕೊಳ್ಳುತ್ತಿದ್ದ, ಪಕ್ಕದವನು ತೋಳು ಕೆರೆಯುತ್ತ ತೂಕಡಿಸುತ್ತಿದ್ದ. ಚಿಕ್ಕಮ್ಮ ಒಬ್ಬೊಬ್ಬರನ್ನೂ ಹತ್ತಿರದಿಂದ ಮಾತಾಡಿಸಿದಳು. "ಚಿಕ್ಕಮ್ಮ, ಇವರಿಗೆಲ್ಲ ಸೊಳ್ಳೆ ಕಡಿದಿದೆಯಾ?" ಅಂತ ನಾನು ಪಿಸುಗುಟ್ಟಿದೆ. "ಕಡಿದಿದೆ, ದೊಡ್ಡ ಸೊಳ್ಳೆ" ಅಂದಳು.

ಅಡುಗೆಯವನು ತನ್ನದೇ ಗೋಳು ತೋಡಿಕೊಂಡ. "ಎಷ್ಟು ಹಣ್ಣು, ಎಷ್ಟು ಸೊಪ್ಪು ಹಾಕಿದ್ರೂ ಇವರಿಗೆ ಹೊಟ್ಟೆ ಕಟ್ಟೋದು ನಿಲ್ಲಲ್ಲ ಅಮ್ಮ. ನಾನೂ ಅದೇ ಊಟ ಉಣ್ತೀನಿ, ನಂಗೇನಿಲ್ಲ. ಕಷಾಯಾನೂ ರುಚಿ ನೋಡ್ತೀನಿ. ಕುದಿಸೋದಷ್ಟೇ ನನ್ನ ಕೆಲಸ. ಸೋಸಿ ಹದ ಮಾಡೋದು ಡೈರೆಕ್ಟರೇ, ಅವರ ಕೋಣೇಲಿ. ಅವರ ಲೋಟ ಮಾತ್ರ ಇಲ್ಲಿಂದಲೇ ಬೇರೆ ಹೋಗುತ್ತೆ. ಅವರಿಗೆ ಸಕ್ಕರೆ ಕಾಯಿಲೆಯಂತೆ, ಬೆಲ್ಲ ಆಗಲ್ಲ."

ನನ್ನ ಅನುಮಾನವೆಲ್ಲ ನರ್ಸಿನ ಮೇಲಿತ್ತು. ಔಷಧಿಯೇ ಇಲ್ಲದ ಮನೆಯಲ್ಲಿ ಆ ಸ್ಪ್ರೇ ಅವಳ ಚೀಲದೊಳಗೆ ಹೇಗೆ ಬಂತು? ಕೇಳಿಯೇಬಿಟ್ಟೆ. ಅವಳು ನನ್ನನ್ನು ಸುಡುವ ಹಾಗೆ ನೋಡಿ, "ಇಂಥ ಕಡೆ ಅದಿಲ್ಲದೆ ಕೆಲಸ ಮಾಡೋಕಾಗುತ್ತೇನ್ರೀ? ಈ ಮನೆಗೆ ಕೆಟ್ಟ ಹೆಸರು, ಇಟ್ಕೋಬೇಡ ಅಂದ್ರು ಡೈರೆಕ್ಟರು. ಕದ್ದು ಇಟ್ಕೊಂಡಿದ್ದೆ" ಅಂದಳು.

ಚಿಕ್ಕಮ್ಮ ಬೀಳ್ಕೊಡುಗೆಯ ಬಗ್ಗೆ ಕೇಳಿದಳು. "ಅದು ಇಲ್ಲಿಯ ಪದ್ಧತಿ" ಅಂದಳು ನರ್ಸು. "ಹೊರಡೋನು ದೊಡ್ಡ ಲೋಟ ಹಿಡ್ಕೊಂಡು ನಿಲ್ತಾನೆ. ಪ್ರತಿಯೊಬ್ಬರೂ ತಮ್ಮ ಕಷಾಯದಿಂದ ಒಂದೊಂದು ಗುಟುಕು ಅದಕ್ಕೆ ಸುರೀತಾರೆ, ನಮ್ಮ ಶಕ್ತೀಲಿ ನಿಂಗೂ ಪಾಲು ಅಂತ. ಅವನು ಒಂದು ಹನಿ ಬಿಡದೆ ಕುಡೀಬೇಕು."

ಕಾರು ಹತ್ತಿದ ಚಿಕ್ಕಮ್ಮ ಬಾಗಿಲನ್ನು ದಡಾರನೆ ಎಳೆದುಕೊಂಡಳು. ಮನೆಗೆ ಬಂದವಳೇ ಪರಿಚಯದ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಳು.

ಮರುದಿನ ಸಂಜೆಯ ಸಭೆ ಕರೆದವರು ಡೈರೆಕ್ಟರೇ. ಕಂಡಕ್ಟರಮ್ಮನ ಮಾನ ಎಲ್ಲರ ಮುಂದೆ ಹರಾಜಾಗಲಿ ಎಂಬುದು ಅವರ ಆಸೆ. ಹಜಾರದ ತುಂಬ ನಿವಾಸಿಗಳು, ಅವರ ಅಪ್ಪ ಅಮ್ಮ, ಹೆಂಡತಿಯರು. ಆಸ್ಪತ್ರೆಯಿಂದ ನೇರ ಬಂದ ಪೇಂಟರ್ ಅಕ್ಕನ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಮೇಜಿನ ಮೇಲೆ ಅಂದಿನ ಕಷಾಯದ ಕೊಳಗವಿತ್ತು. ಇನ್‌ಸ್ಪೆಕ್ಟರ್ ಮಫ್ತಿಯಲ್ಲಿ ಹಿಂದಿನ ಸಾಲಿನಲ್ಲಿದ್ದ.

"ತಪ್ಪೊಪ್ಪಿಗೆ ಶುರುವಾಗಲಿ" ಅಂದರು ಡೈರೆಕ್ಟರು.

"ಆಗಲಿ, ನಿಮ್ಮದು" ಅಂದಳು ಚಿಕ್ಕಮ್ಮ.

ಹಜಾರ ಗುಜುಗುಜು ಅಂದಿತು. ಅವಳು ಪೇಂಟರ್ ಕಡೆ ತಿರುಗಿದಳು. "ನೋಡಪ್ಪ, ನಿಂಗೆ ಆಗಿದ್ದು ಶೀತ ಅಲ್ಲ. ಈ ಮದ್ದು ನಿಂತಾಗ ಮೈ ಕೇಳೋ ಲೆಕ್ಕ ಅದು. ಇಲ್ಲಿಗೆ ಬಂದ ಹೊಸದ್ರಲ್ಲೇ ಬರಬೇಕಿತ್ತು. ತಿಂಗಳಾದ ಮೇಲೆ ಬಂತು ಅಂದ್ರೆ, ಅಲ್ಲೀವರೆಗೂ ಈ ಮನೆಯೊಳಗೇ ನಿಂಗೆ ಮದ್ದು ಸಿಗ್ತಾ ಇತ್ತು, ಆಮೇಲೆ ನಿಂತಿತು. ಏನು ನಿಲ್ಲಿಸಿದೆ?"

ಅವನು ಮೇಜಿನ ಮೇಲಿನ ಕೊಳಗದ ಕಡೆ ನೋಡಿದ. "ಕಷಾಯ" ಅಂದ. "ಕುಡಿದ್ಮೇಲೆ ಆ ಹಳೇ ಬೆಚ್ಚಗಿನ ಸುಖ ಬರ್ತಿತ್ತು. ನಂಗೆ ಹುಚ್ಚು ಹಿಡೀತಿದೆ ಅನ್ಕೊಂಡೆ. ಹೆದರಿ ದಿನಾ ಬಚ್ಚಲಿಗೆ ಚೆಲ್ಲಿದೆ. ಚಟಗಾರನ ಮಾತನ್ನ ಯಾರು ನಂಬ್ತಾರೆ ಮೇಡಂ?"

"ಹಾಗಾದ್ರೆ ಬೀಳ್ಕೊಡುಗೆ ದಿನ ಯಾಕೆ ಕುಡಿದೆ?"

"ಎಲ್ಲರೂ ಪ್ರೀತಿಯಿಂದ ಸುರಿದಿದ್ರು. ಹೇಗೆ ಬೇಡ ಅನ್ನಲಿ?"

ಚಿಕ್ಕಮ್ಮ ಸಭೆಯ ಕಡೆ ತಿರುಗಿದಳು. "ಹಿಂದೆ ಹೊರಟೋರೂ ಆ ಲೋಟ ಕುಡಿದ್ರು, ಅವರಿಗೇನೂ ಆಗಲಿಲ್ಲ. ಅವರ ಮೈ ಈ ಮದ್ದಿಗೆ ಒಗ್ಗಿತ್ತು. ಇವನು ಬಿಟ್ಟು ವಾರಗಳಾಗಿತ್ತು, ಆ ತಾಕತ್ತು ಹೋಗಿತ್ತು. ಎಲ್ಲರ ಪಾಲೂ ಒಟ್ಟಿಗೆ ಒಳಗೆ ಹೋದಾಗ ಉಸಿರು ನಿಂತಿತು. ಈ ಮನೇಲಿ ನಿಜವಾಗಿ ಚಟ ಬಿಟ್ಟಿದ್ದವನು ಇವನೊಬ್ಬನೇ. ಕದ್ದು ಮಾತ್ರೆ ತಿಂದ ಅಂತ ನಿಲ್ಲಿಸಿದ್ದೂ ಇವನನ್ನೇ!"

"ಕಟ್ಟುಕತೆ!" ಡೈರೆಕ್ಟರ ಬೆಣ್ಣೆ ಕರಗಿತ್ತು.

"ಈ ಮಬ್ಬಿನಲ್ಲಿ ಪಕ್ಕದವರ ಕಣ್ಣು ನೋಡ್ಕೊಳ್ಳಿ. ಬೆಳಕು ಕಮ್ಮಿಯಾದ್ರೆ ಪಾಪೆ ಹಿಗ್ಗಬೇಕು. ಅಡುಗೆಯವನದು ಹಿಗ್ಗಿದೆ, ನರ್ಸಿನದು, ಡೈರೆಕ್ಟರದು ಹಿಗ್ಗಿದೆ. ನಿಮ್ಮ ಮಕ್ಕಳದು?"

ತಾಯಂದಿರು ಮಕ್ಕಳ ಗಲ್ಲ ಹಿಡಿದು ಎತ್ತಿ ನೋಡಿದರು. ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಯಾರೋ ಒಬ್ಬರು ಅಯ್ಯೋ ಅಂದರು.

"ಆ ತುರಿಕೆ, ತೂಕಡಿಕೆ, ಹೊಟ್ಟೆ ಕಟ್ಟೋದು, ಎಲ್ಲ ಈ ಮದ್ದಿನದೇ. ಒಲೆ ಮೇಲಿನ ಕಷಾಯ ಕುಡಿಯೋ ಅಡುಗೆಯವನಿಗೆ ಏನೂ ಆಗಿಲ್ಲ. ಹಾಗಾದ್ರೆ ಮದ್ದು ಬೀಳೋದು ಅಡುಗೆಮನೆ ದಾಟಿದ ಮೇಲೆ. ಅಲ್ಲಿಂದ ಅದು ಹೋಗೋದು ಒಬ್ಬರ ಕೋಣೆಗೆ ಮಾತ್ರ. ಅವರ ಸ್ವಂತ ಲೋಟ ಮಾತ್ರ ಬೇರೆ ಬರುತ್ತೆ, ಸಕ್ಕರೆ ಕಾಯಿಲೆ ಅಂತ. ನಿನ್ನೆ ನನ್ನ ಮುಂದೆ ಅವರು ಟೀ ಕುಡಿದ ರೀತಿ ನೋಡಿದ್ರೆ, ಅಂಥ ಸಕ್ಕರೆ ಕಾಯಿಲೆ ನಂಗೂ ಬರಲಿ." ಅವಳು ಕೊಳಗದಿಂದ ಒಂದು ಲೋಟ ತುಂಬಿಸಿದಳು. "ಎಲ್ಲ ಸುಳ್ಳಾದ್ರೆ, ತಗೊಳ್ಳಿ. ಇದನ್ನ ಕುಡಿದುಬಿಡಿ."

ಅವರು ಲೋಟ ಮುಟ್ಟಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್‌ಸ್ಪೆಕ್ಟರ್ ಬಂದು ಕೊಳಗಕ್ಕೆ ಮುಚ್ಚಳ ಹಾಕಿ, ಡೈರೆಕ್ಟರ ಕೋಣೆಯ ಬೀಗದ ಕೈ ಕೇಳಿದ. ಬೀರುವಿನಲ್ಲಿ ಅದೇ ಮದ್ದಿನ ಬಾಟಲಿಗಳು ಸಿಕ್ಕಿದವು.

"ನನ್ನ ಮನೇಲಿ ಒಬ್ಬರೂ ನರಳಲಿಲ್ಲ!" ಡೈರೆಕ್ಟರು ಕೂಗಿದರು. "ಬೇರೆ ಯಾವ ಕಡೆ ಇದೆ ಹೇಳಿ ಇಂಥ ಜಾಗ?"

"ನಾನು ನರಳಿದೆ" ಅಂದ ಪೇಂಟರ್. "ಇಲ್ಲೇ, ಆ ಕೋಣೇಲಿ, ಒಬ್ಬನೇ."

ಮುಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತ. ಅವನ ಮಗ ಹಿಂದೆ ಗುಣವಾಗಿ ಹೊರಟು, ಮನೆಗೆ ಹೋಗಿ ಒದ್ದಾಡಿ, ಓಡಿ ಬಂದು ಇಲ್ಲಿಗೇ ಮತ್ತೆ ಸೇರಿದ್ದನಂತೆ. "ನನ್ನ ಮಗನಿಗೆ ಮನಸ್ಸು ಗಟ್ಟಿಯಿಲ್ಲ ಅಂತ ಹೊಡೆದಿದ್ದೀನಿ ಕಣ್ರೀ" ಅಂದವನೇ ಮುಖ ಮುಚ್ಚಿಕೊಂಡ. ಚಿಕ್ಕಮ್ಮ ನನ್ನ ತೋಳು ಹಿಡಿದುಕೊಂಡಿರದಿದ್ದರೆ ಆ ಡೈರೆಕ್ಟರನ್ನು ನಾನು ಏನು ಮಾಡುತ್ತಿದ್ದೆನೋ.

ಕಂಡಕ್ಟರಮ್ಮ ಕಣ್ಣೊರೆಸಿಕೊಂಡು, "ಈಗ ಎಲ್ಲಿಗೆ ಸೇರಿಸಲಿ ಡಾಕ್ಟರಮ್ಮ?" ಎಂದಳು.

"ಬಾಯಿಗೆ ಹಾಕೋದರ ಹೆಸರು ಹೇಳಿ ಕೊಡೋ ಜಾಗಕ್ಕೆ. ಉಸಿರು ನಿಂತರೆ ಏನು ಮಾಡ್ತೀರಿ ಅಂದ್ರೆ ಉತ್ತರ ಕೊಡೋ ಜಾಗಕ್ಕೆ. ಆದ್ರೆ ನನ್ನನ್ಯಾಕೆ ಕೇಳ್ತೀಯ? ಮೈ ಅವನದು."

ಅವಳು ತಮ್ಮನ ಕಡೆ ತಿರುಗಿದಳು. "ನೀನು ಹೇಳಪ್ಪ. ಎಲ್ಲಿಗೆ ಹೋಗೋಣ?"

"ಕ್ಲಿನಿಕ್ಕಿಗೆ. ಮುಚ್ಚುಮರೆ ಇಲ್ಲದ ಔಷಧಿ ಅಂದ್ರೆ ನಂಗೆ ಭಯ ಇಲ್ಲ."

ಅಷ್ಟರಲ್ಲಿ, ನಿನ್ನೆ ಮೂಗು ಕೆರೆಯುತ್ತಿದ್ದ ಯುವಕ ಮೆಲ್ಲಗೆ ಎದ್ದ. "ಹಾಗಾದ್ರೆ ನಾನು ಇಷ್ಟು ದಿನ... ಬಿಟ್ಟೇ ಇರಲಿಲ್ವಾ?" ಅಂದ. ಸತ್ತವರ ಮುಂದೆ ಜೀವಮಾನ ಕಳೆದ ಚಿಕ್ಕಮ್ಮನೂ ಮುಖ ಆಚೆ ತಿರುಗಿಸಿದಳು.

ಪೇಂಟರ್ ಎದ್ದು ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದ.

"ಇಲ್ಲ, ಬಿಟ್ಟಿರಲಿಲ್ಲ" ಅಂದ. "ಆದ್ರೆ ಬಿಡೋಕಾಗುತ್ತೆ, ನಾನು ಬಿಟ್ಟು ನೋಡಿದೀನಿ. ನನ್ನ ಹಾಗೆ ಒಬ್ಬನೇ ಮಾತ್ರ ಬೇಡ ಮಾರಾಯ. ನಡಿ, ಜೊತೆಗೇ ಹೋಗೋಣ."