ಸೈಕಲ್ ಬೆಲ್ಲಿನ ಮುಚ್ಚಳ

ಅಜ್ಜನ ಅಂಗಳಕ್ಕೆ ತಿರುಗುವಾಗ ಸೈಮಿ ಎಂದಿನಂತೆ ಸೈಕಲ್ ಬೆಲ್ ಒತ್ತಿದಳು. ಟ್ರಿಣ್ ಅನ್ನಲಿಲ್ಲ. ಟಕ್ ಅಂದು ಸುಮ್ಮನಾಯಿತು.

ಬಗ್ಗಿ ನೋಡಿದಳು. ಬೆಲ್ಲಿನ ಮೇಲಿನ ಮುಚ್ಚಳವೇ ಇರಲಿಲ್ಲ. ಒಳಗಿನ ಪುಟ್ಟ ಚಕ್ರಗಳು ಬೋಳುಬೋಳಾಗಿ ಕಾಣುತ್ತಿದ್ದವು.

ಮುಚ್ಚಳ ಎಲ್ಲಿ ಬಿದ್ದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಊರ ಪಕ್ಕದ ಹೆದ್ದಾರಿಯನ್ನು ವಾಯುಪಡೆಯವರು ಬೆಳಿಗ್ಗೆ ಆರಕ್ಕೇ ಮುಚ್ಚಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಮುಚ್ಚಿ, ಯುದ್ಧವಿಮಾನಗಳನ್ನು ರಸ್ತೆಯ ಮೇಲೆ ಇಳಿಸಿ ಅಭ್ಯಾಸ ಮಾಡುತ್ತಾರೆ. ಅದಕ್ಕೆಂದೇ ಅಲ್ಲಿ ರಸ್ತೆ ಅಷ್ಟು ಅಗಲ, ಅಷ್ಟು ನೇರ. ಅಭ್ಯಾಸ ಮುಗಿಯುವವರೆಗೆ ಸೇತುವೆಯ ಕೆಳಗಿನಿಂದ ಸುತ್ತಿ ಬನ್ನಿ ಎಂದು ಟೀಚರ್ ಎರಡೆರಡು ಸಲ ಹೇಳಿದ್ದರು. ಆದರೆ ಸೈಮಿಗೆ ಇವತ್ತು ಬೆಳಿಗ್ಗೆ ಶಾಲೆಗೆ ಲೇಟಾಗಿತ್ತು. ಆಲೂಗಡ್ಡೆ ಹೊಲದ ಹತ್ತಿರ ಕಾವಲಿಗೆ ಯಾರೂ ಇರಲಿಲ್ಲ. ಕಟ್ಟಿದ್ದ ಪಟ್ಟಿಯ ಅಡಿಯಲ್ಲಿ ಸೈಕಲ್ ತೂರಿಸಿ ಅಡ್ಡ ದಾಟಿಬಿಟ್ಟಿದ್ದಳು. ನಡುರಸ್ತೆಯಲ್ಲಿ ಏನೋ ಠಣ್ ಅಂದಿತ್ತು. ಅವಳು ತಿರುಗಿ ನೋಡಿರಲಿಲ್ಲ.

"ಏನು, ನಿನ್ನ ಬೆಲ್ಲಿಗೆ ಗಂಟಲು ಕಟ್ಟಿದ್ಯಾ?" ಎಂದ ತೌನೋ ಅಜ್ಜ. ಮೆಟ್ಟಿಲ ಮೇಲೆ ಕೂತು, ಕಾಡಿನಿಂದ ತಂದ ಕೆಂಪು ಬೆರ್ರಿ ಹಣ್ಣುಗಳಿಂದ ಎಲೆ ಆರಿಸುತ್ತಿದ್ದ.

ಪ್ರಾಯದಲ್ಲಿ ಅಜ್ಜ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ. ಬೇರೆ ಅಜ್ಜಂದಿರು ಕರಡಿಯ ಕತೆ ಹೇಳಿದರೆ ಇವನು ಬಿದ್ದ ವಿಮಾನಗಳ ಕತೆ ಹೇಳುತ್ತಿದ್ದ. ಇದು ಮಂಜಿನಿಂದ ಬಿತ್ತು, ಅದು ಬಾತುಕೋಳಿ ಹಿಂಡಿನಿಂದ ಬಿತ್ತು, ಇನ್ನೊಂದು ಬೆರಳುದ್ದದ ಪಿನ್ನಿನಿಂದ. ಆಗೆಲ್ಲ ಆಗಾಗ ಬೀಳುತ್ತಿದ್ದವಂತೆ, ಈಗ ವರ್ಷಗಟ್ಟಲೆ ಒಂದೂ ಬೀಳುವುದಿಲ್ಲವಂತೆ. ಊಟದ ಹೊತ್ತಿಗಾದರೂ ವಿಮಾನ ಬೀಳಿಸಬೇಡ ಅಪ್ಪಾ ಎಂದು ಅಮ್ಮ ಗೊಣಗುತ್ತಿದ್ದಳು.

ಸೈಮಿ ನೆಲ ನೋಡುತ್ತಾ ನಡೆದದ್ದೆಲ್ಲ ಹೇಳಿದಳು. ಅಜ್ಜ ಬಯ್ಯಲಿಲ್ಲ. ವಿಮಾನ ಎಷ್ಟು ಗಂಟೆಗೆ ಎಂದು ಕೇಳಿದ. ಮೂರಕ್ಕೆ. ಆಗಲೇ ಎರಡೂ ಹತ್ತಾಗಿತ್ತು.

"ಮಧ್ಯಾಹ್ನ ಬ್ರಷ್ ಗಾಡಿ ರಸ್ತೆ ಗುಡಿಸ್ತಲ್ಲ ಅಜ್ಜ. ಅದೇ ಎತ್ಕೊಂಡಿರಬಹುದು."

"ಇರಬಹುದು," ಅಜ್ಜ ಒಂದು ಎಲೆ ತೆಗೆದು ಆಚೆ ಹಾಕಿದ. "ಇಲ್ದೇನೂ ಇರಬಹುದು."

"ಹೇಳಿದ್ರೆ ಎಲ್ಲಾ ನಿಲ್ಲಿಸಿಬಿಡ್ತಾರೆ. ಹೆಲ್ಸಿಂಕಿಯಿಂದ ಟೀವಿಯವರು ಬೇರೆ ಬಂದಿದ್ದಾರೆ. ಎಲ್ಲರೂ ನನ್ನೇ ನೋಡ್ತಾರೆ."

"ನೋಡ್ತಾರೆ," ಎಂದ ಅಜ್ಜ. "ಜೆಟ್ ಇಂಜಿನ್ ಮಾತ್ರ ನೋಡಲ್ಲ ಮರಿ. ವ್ಯಾಕ್ಯೂಮ್ ಕ್ಲೀನರ್ ಥರ ಎಳ್ಕೊಳ್ಳುತ್ತೆ ಅಷ್ಟೆ. ಬಾಯಿಗೆ ಬಂದಿದ್ದು ಏನು ಅಂತ ಕೇಳೋದಿಲ್ಲ."

ಅವನು ಬುಟ್ಟಿ ಪಕ್ಕಕ್ಕಿಟ್ಟು ಎದ್ದ. ಕಳೆದ ವರ್ಷದಿಂದ ಮಂಡಿನೋವೆಂದು ಸೈಕಲ್ ಮುಟ್ಟಿರಲಿಲ್ಲ. ಇವತ್ತು ಕೊಟ್ಟಿಗೆಯಿಂದ ಎಳೆದು ತಂದು ಹತ್ತಿ ಹೊರಟ. ಸೈಮಿ ಅವನ ಹಿಂದೆಯೇ ತುಳಿದಳು.

ಹೆದ್ದಾರಿಯ ಬದಿಯಲ್ಲಿ ಸೈನಿಕರು ಬಟಾಣಿ ಸೂಪಿನ ತಟ್ಟೆ ಹಿಡಿದು ಕೂತಿದ್ದರು. ಗುರುವಾರವಲ್ಲವೇ, ಸೈನ್ಯದಲ್ಲಿ ಅಂದು ಬಟಾಣಿ ಸೂಪೇ. ವಿಮಾನ ನೋಡಲು ಬಂದವರೆಂದು ತಿಳಿದು ಒಬ್ಬ ಹುಡುಗ ಸೌಟು ಎತ್ತಿ, ಸೂಪ್ ಬೇಕಾದರೆ ಇದೆ, ಸ್ವಲ್ಪ ತಳ ಹತ್ತಿದೆ ಅಷ್ಟೆ ಎಂದ. ಸೈಮಿ ಅಜ್ಜನ ಮುಖ ನೋಡಿದಳು. ಅಜ್ಜ ಕಾಡಿನ ಕಡೆ ನೋಡುತ್ತಿದ್ದ. ಅಂದರೆ ತಾನೇ ಹೇಳಬೇಕು.

ಅಭ್ಯಾಸದ ಉಸ್ತುವಾರಿ ಹೊತ್ತಿದ್ದ ಕ್ಯಾಪ್ಟನ್ ರೌಹಾಲ ಎತ್ತರದ ಹೆಂಗಸು. ಸೈಮಿ ತಡವರಿಸಿ ಹೇಳಿ ಮುಗಿಸುವ ತನಕ ಸುಮ್ಮನೆ ಕೇಳಿಸಿಕೊಂಡರು. ಯಾಕೆ ದಾಟಿದೆ ಎಂದು ಕೇಳಲಿಲ್ಲ. ಎಷ್ಟು ದೊಡ್ಡದು, ಎಷ್ಟು ಹೊತ್ತಿಗೆ, ಎಲ್ಲಿ ಎಂದಷ್ಟೇ ಕೇಳಿದರು. ಆಮೇಲೆ ರೇಡಿಯೋ ಬಾಯಿಗೆ ಹಿಡಿದು, ಮೂರು ಗಂಟೆಯದನ್ನು ನಿಲ್ಲಿಸಿ ಎಂದರು.

"ಥ್ಯಾಂಕ್ಸ್," ಎಂದರು ಸೈಮಿಗೆ.

ತಟ್ಟೆಗಳು ನೆಲಕ್ಕಿಳಿದವು. ಐವತ್ತು ಅರವತ್ತು ಮಂದಿ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಭುಜಕ್ಕೆ ಭುಜ ತಾಗುವಂತೆ ಸಾಲಾಗಿ ನಿಂತು, ತಲೆ ತಗ್ಗಿಸಿ, ನಿಧಾನವಾಗಿ ನಡೆಯತೊಡಗಿದರು. ಅಡುಗೆಯವರೂ ಬಂದರು. ಸೈಮಿಯೂ ಸಾಲಿಗೆ ಸೇರಿದಳು. ಸೌಟಿನ ಹುಡುಗ ಅವಳ ಪಕ್ಕದಲ್ಲೇ ಇದ್ದ.

"ನನ್ನ ಸೂಪು ಇಷ್ಟೊತ್ತಿಗೆ ಕೆನೆ ಕಟ್ಟಿರುತ್ತೆ," ಎಂದ ಪಿಸುಮಾತಿನಲ್ಲಿ. "ಸಿಕ್ಕಿಲ್ಲ ಅಂದ್ರೆ ಅದನ್ನ ನಿಂಗೇ ಕುಡಿಸ್ತೀನಿ."

ಸೈಮಿಗೆ ನಗು ಬಂತು. ಬಂದದ್ದು ಅವಳಿಗೇ ಆಶ್ಚರ್ಯ.

ಮುಚ್ಚಳ ಸಿಕ್ಕಿದ್ದು ಟಾರಿನ ಒಂದು ಬಿರುಕಿನಲ್ಲಿ. ಬ್ರಷ್ ಗಾಡಿ ಮೇಲೆ ಹಾದು ಅದನ್ನು ಇನ್ನಷ್ಟು ಒಳಕ್ಕೆ ಒತ್ತಿತ್ತು. ಅರ್ಧ ಮಾತ್ರ ಹೊರಗೆ ಮಿನುಗುತ್ತಿತ್ತು. ಕ್ಯಾಪ್ಟನ್ ಅದನ್ನು ಬೆರಳಿನಿಂದ ಕಿತ್ತು, ಒರೆಸಿ, ಸೈಮಿಯ ಕೈಗಿಟ್ಟು, ಇನ್ನು ವಿಮಾನ ಬರಲಿ ಎಂದು ರೇಡಿಯೋದಲ್ಲಿ ಹೇಳಿದರು.

ಜೀಪಿನ ಮೂತಿಯ ಮೇಲೆ ವರದಿಯ ಅಚ್ಚುಹಾಳೆಯೊಂದನ್ನು ಇಟ್ಟು, ನಡೆದದ್ದನ್ನು ಬರಿ ಎಂದರು. ಹೆಸರು ಬರೆಯುವ ಜಾಗ ಹುಡುಕಿ ಹುಡುಕಿ ಸೈಮಿಗೆ ಸಿಗಲಿಲ್ಲ.

"ಹೆಸರು ಬೇಡ," ಎಂದರು ಕ್ಯಾಪ್ಟನ್. "ಏನಾಯ್ತು ಅಂತ ಗೊತ್ತಾದ್ರೆ ಸಾಕು. ಮುಂದಿನ ಸಲ ಆಲೂಗಡ್ಡೆ ಹೊಲದ ಹತ್ರ ಒಬ್ಬರನ್ನ ನಿಲ್ಲಿಸ್ತೀವಿ."

ಅಜ್ಜ ಹಾಳೆಯನ್ನೇ ನೋಡುತ್ತಿದ್ದ.

"ಹಳೇದು ಬರೀಬಹುದಾ?" ಎಂದು ಕೇಳಿದ.

"ಎಷ್ಟು ಹಳೇದು?"

"ಎಪ್ಪತ್ತೊಂದನೇ ಇಸವಿ."

ಕ್ಯಾಪ್ಟನ್ ನಗಲಿಲ್ಲ. ಇನ್ನೊಂದು ಹಾಳೆ ತೆಗೆದು ಜೀಪಿನ ಮೇಲಿಟ್ಟು, ತಮ್ಮ ಜೇಬಿನ ಪೆನ್ನು ಕೊಟ್ಟು ಆಚೆ ಹೋದರು.

ಅಜ್ಜ ಒಂದೊಂದೇ ಅಕ್ಷರ ಕೆತ್ತಿದಂತೆ ಬರೆಯತೊಡಗಿದ. ಸೈಮಿಗೆ ಮೊದಲ ಸಾಲುಗಳು ಕಂಡವು. 'ಇಂಧನದ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದ್ದು ನೆನಪಿಗೆ ಬರಲಿಲ್ಲ. ವಿಮಾನ ಹೊರಟಿತ್ತು. ಬಯ್ಯುತ್ತಾರೆಂದು ಹೇಳಲಿಲ್ಲ.'

ಆ ವಿಮಾನ ಅವಳಿಗೆ ಗೊತ್ತಿತ್ತು. ಜೌಗಿನಲ್ಲಿ ಬಿದ್ದದ್ದು. ಪೈಲಟ್ ಕಾಲು ಮುರಿದುಕೊಂಡು ಬದುಕಿ ಬಂದಿದ್ದ. ಅದರ ಕಾರಣ ಮಾತ್ರ ಯಾರಿಗೂ ಗೊತ್ತಾಗಲಿಲ್ಲ ಎಂದು ಅಜ್ಜ ಪ್ರತಿಸಲ ಹೇಳುತ್ತಿದ್ದ.

ಸೈಮಿ ಮುಂದಿನ ಸಾಲು ಓದದೆ ಕಣ್ಣು ಆಚೆ ತಿರುಗಿಸಿದಳು.

ಅಷ್ಟರಲ್ಲಿ ಕಾಡಿನ ಮೇಲಿಂದ ಮೊದಲ ವಿಮಾನ ಬಂತು. ನೆಲ ನಡುಗಿತು. ಟೀವಿಯವರು ಓಡಿದರು. ಎಲ್ಲರೂ ತಲೆ ಎತ್ತಿದರು, ಅಜ್ಜನೊಬ್ಬನನ್ನು ಬಿಟ್ಟು. ಗಾಳಿ ಬೀಸಿ ಹಾಳೆಯ ಮೂಲೆ ಪಟಪಟ ಹಾರತೊಡಗಿತು.

ಸೈಮಿ ಆ ಮೂಲೆಯ ಮೇಲೆ ಅಂಗೈ ಊರಿದಳು. ಅಜ್ಜ ಬರೆದು ಮುಗಿಸುವವರೆಗೂ ತೆಗೆಯಲಿಲ್ಲ.