ಜಗದಾಂಬಾ ಮೇಡಂ ಬದಲಾಯಿಸಿದ ವಾಷರ್

“ಸೋಡಾ ಬೇಡ ರೀ, ಅದರೊಳಗಿನ ಗ್ಯಾಸ್ ಮಾತ್ರ ಬೇಕು,” ಎಂದಳು ಜಗದಾಂಬಾ.

ಗೋವಿಂದರಾಜನಗರದಲ್ಲಿ ಗೋಲಿ ಸೋಡಾ ತುಂಬುವ ಅಂಗಡಿ ಇಟ್ಟಿದ್ದ ಚನ್ನಮಲ್ಲಪ್ಪ ಕೈಲಿದ್ದ ಬಾಟಲಿಯನ್ನು ಕೆಳಗಿಟ್ಟ. “ಹೊಟ್ಟೆ ಉಬ್ಬರಾನಾ ಮೇಡಂ? ನಿಂಬೆಹಣ್ಣು ಹಿಂಡಿ ಕೊಡ್ತೀನಿ.”

“ನನಗಲ್ಲ. ನಮ್ಮನೆ ಮೀನಿನ ತೊಟ್ಟಿಗೆ.”

“ಮೀನಿಗೆ ಹೊಟ್ಟೆ ಉಬ್ಬರಾನಾ?”

ತಾಯಿ ತೀರಿಕೊಂಡ ಮೇಲೆ ಅವಳು ಬಾಯಿತುಂಬ ನಕ್ಕಿದ್ದು ಅದೇ ಮೊದಲು.

ಇದು 1976ರ ಮಾತು. ಜಗದಾಂಬಾಗೆ ಆಗ ಮೂವತ್ತೆಂಟು. ರಾಜಾಜಿನಗರದಲ್ಲಿ ಹೈಸ್ಕೂಲ್ ಟೀಚರ್, ಬಾಡಿಗೆ ಮನೆಯಲ್ಲಿ ಒಬ್ಬಳೇ. ವಿಜ್ಞಾನದ ಪಾಠಕ್ಕೆಂದು ಹೊಂದಿಸಿದ್ದ ಗಾಜಿನ ತೊಟ್ಟಿಯ ಮೀನುಗಳೇ ಈಗ ಅವಳ ಮನೆಮಂದಿ. ಆದರೆ ಟ್ಯೂಬ್‌ಲೈಟ್ ಹಾಕಿದರೂ ತೊಟ್ಟಿಯೊಳಗೆ ನೆಟ್ಟ ಗಿಡಗಳು ಹಳದಿಯಾಗುತ್ತಿದ್ದವು. ಗಿಡಕ್ಕೆ ಬೆಳಕಷ್ಟೇ ಸಾಲದು, ಇಂಗಾಲದ ಡೈಆಕ್ಸೈಡೂ ಬೇಕು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳಿಗೆ, ಸೋಡಾ ಅಂಗಡಿಯಲ್ಲಿರುವುದೂ ಅದೇ ಎಂದು ತಡವಾಗಿ ಹೊಳೆದಿತ್ತು.

ಚನ್ನಮಲ್ಲಪ್ಪ ಭಾನುವಾರ ಸಣ್ಣದೊಂದು ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಆಸ್ಪತ್ರೆಯ ಡ್ರಿಪ್ ಟ್ಯೂಬಿನ ಒಂದು ತುದಿಯನ್ನು ಸಿಲಿಂಡರಿಗೆ ಸಿಕ್ಕಿಸಿದರು, ಇನ್ನೊಂದನ್ನು ಫಿಲ್ಟರ್ ನೀರೆಳೆಯುವ ಬಾಯಿಗೆ. ಗ್ಯಾಸು ಗುಳ್ಳೆಯಾಗಿ ಮೇಲೆದ್ದು ಒಡೆದುಹೋಗದೆ, ಫಿಲ್ಟರಿನೊಳಗೆ ನುಚ್ಚಾಗಿ ನೀರಿನಲ್ಲೇ ಕರಗಬೇಕು. ಜಾಸ್ತಿಯಾದರೆ ಮೀನಿಗೆ ಉಸಿರುಗಟ್ಟುತ್ತದೆ. ಹಾಗಾಗಿ ನಿಮಿಷಕ್ಕೆ ಅರವತ್ತೇ ಗುಳ್ಳೆ.

“ನೀವು ವಾಚ್ ನೋಡಿ, ನಾನು ಎಣಿಸ್ತೀನಿ,” ಎಂದ. “ಮೂವತ್ತು… ಮೂವತ್ತೊಂದು… ಮೂವತ್ತೊಂದು…”

“ಅದಾಗ್ಲೇ ಹೇಳಿದ್ರಿ.”

ತಲೆಯೆತ್ತಿದರೆ ಅವನ ಕಣ್ಣು ಗುಳ್ಳೆಯ ಮೇಲಿರಲಿಲ್ಲ. “ವಾಚ್ ಚೆನ್ನಾಗಿದೆ ಮೇಡಂ,” ಎಂದು ತಡವರಿಸಿದ. ಅವಳು ಸೆರಗು ಸರಿಮಾಡಿಕೊಂಡು, “ಮೊದಲಿಂದ ಎಣಿಸಿ,” ಎಂದಳು.

ಗ್ಯಾಸು ಸರಿಯಾಗಿ ವಾರಕ್ಕೆ ಮುಗಿಯುತ್ತಿತ್ತು. ಪ್ರತಿ ಭಾನುವಾರ ಅವನು ತುಂಬಿದ ಸಿಲಿಂಡರ್ ತರುತ್ತಿದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ರಜೆಯ ದಿನ ಅವನಿಗೂ ಹೊತ್ತು ಹೋಗುತ್ತಿರಲಿಲ್ಲ. ಒಂದು ಲೋಟ ಕಾಫಿ, ಅರ್ಧ ಗಂಟೆ ಮಾತು. ಉಳಿದ ಆರು ದಿನ ಅವಳು ಆ ಅರ್ಧ ಗಂಟೆಯನ್ನೇ ಮೆಲುಕು ಹಾಕುತ್ತಿದ್ದಳು.

ಒಂದು ಸಂಜೆ ಅವಳಿಗೆ ಗುಮಾನಿ ಬಂತು. ಇಷ್ಟು ಗುಳ್ಳೆಗೆ ಸಿಲಿಂಡರ್ ತಿಂಗಳುಗಟ್ಟಲೆ ಬರಬೇಕಲ್ಲ! ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದಳು. ಅದು ಬುಸುಬುಸು ಎಂದಿತು. ಸಿಲಿಂಡರ್ ಮುಚ್ಚಿ ಜಾಯಿಂಟು ಬಿಚ್ಚಿ ನೋಡಿದರೆ ರಬ್ಬರ್ ವಾಷರಿನಲ್ಲಿ ಬ್ಲೇಡಿನಿಂದ ನೇರವಾಗಿ ಸೀಳಿದ ಗೀರು. ವಾರವಾರವೂ ಬರಲೆಂದೇ ಅವನು ಗ್ಯಾಸ್ ಸೋರಬಿಟ್ಟಿದ್ದ.

ಅವಳಿಗೆ ಕೋಪ ಬರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಸಂತೋಷಕ್ಕೆ ಕಣ್ಣೊರೆಸಿಕೊಂಡಳು. ಮರುದಿನವೇ ಹೊಸ ವಾಷರ್ ತಂದು ಹಾಕಿದಳು, ನೆಪವಿಲ್ಲದೆಯೂ ಬರುತ್ತಾನಾ ನೋಡೋಣ ಅಂತ. ಎಂಥ ಜಾಣೆಯೂ ಇಂಥ ಕಡೆ ಪೆದ್ದಿಯಾಗುತ್ತಾಳೆ ನೋಡಿ! ಬಾಯಿಬಿಟ್ಟು ಹೇಳುವುದು ಬಿಟ್ಟು, ವಾಷರ್ ಕೈಲಿ ಹೇಳಿಸಲು ಹೊರಟಳು.

ಭಾನುವಾರ ಅವನು ಬಂದು ಸಿಲಿಂಡರ್ ಎತ್ತಿ ನೋಡಿದ. ಭಾರವಾಗಿತ್ತು. ಹೊಸ ವಾಷರಿನ ಅಂಚು ಕಂಡಿತು. ಮುಖ ಕಪ್ಪಿಟ್ಟಿತು.

“ತಪ್ಪಾಯ್ತು ಮೇಡಂ. ಇನ್ಮೇಲೆ ತೊಂದ್ರೆ ಕೊಡಲ್ಲ.”

“ಅಯ್ಯೋ, ಕಾಫಿ ಬೆರೆಸಿದೀನಿ…”

“ಬೇಡ ಮೇಡಂ. ಅಂಗಡಿ ತೆಗೀಬೇಕು.”

ಭಾನುವಾರ ಅವನ ಅಂಗಡಿ ತೆಗೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಅವನು ಸೈಕಲ್ ಹತ್ತಿ ಹೊರಟಿದ್ದ.

ಐದು ಭಾನುವಾರ ಕಳೆದವು. ಗ್ಯಾಸು ಮುಗಿಯಲಿಲ್ಲ. ಗಿಡಗಳು ಹಸಿರಾಗಿ ನೀರಿನ ಮಟ್ಟಕ್ಕೆ ಬಂದವು, ಮಧ್ಯಾಹ್ನದ ಹೊತ್ತಿಗೆ ಎಲೆಎಲೆಯ ಮೇಲೂ ಸಣ್ಣ ಗುಳ್ಳೆಗಳು ಮುತ್ತಿನ ಹಾಗೆ ಕೂರುತ್ತಿದ್ದವು. “ನೋಡಿ ರೀ,” ಎನ್ನಲು ತಿರುಗುತ್ತಿದ್ದಳು, ಯಾರೂ ಇರುತ್ತಿರಲಿಲ್ಲ. ಎರಡು ಲೋಟ ಕಾಫಿ ಬೆರೆಸಿ ಎರಡನ್ನೂ ತಾನೇ ಕುಡಿಯುತ್ತಿದ್ದಳು. ಮೊದಲೂ ಈ ಮನೆಯಲ್ಲಿ ಒಂಟಿಯಾಗಿಯೇ ಇದ್ದವಳು, ಆದರೆ ಆಗ ಯಾರಿಗಾಗಿಯೂ ಕಾದಿರಲಿಲ್ಲ. ಈಗ ರಸ್ತೆಯಲ್ಲಿ ಯಾರದೋ ಸೈಕಲ್ ಬೆಲ್ಲಾದರೂ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಆಮೇಲಿನ ಶನಿವಾರ ಶಾಲೆ ಬಿಟ್ಟವಳೇ ಸೀದಾ ಗೋವಿಂದರಾಜನಗರಕ್ಕೆ ನಡೆದಳು. ಅಂಗಡಿ ಮುಂದೆ ನಾಲ್ಕೈದು ಜನ ಸೋಡಾಕ್ಕೆ ನಿಂತಿದ್ದರು.

“ಗ್ಯಾಸ್ ಮುಗೀತಾ ಮೇಡಂ?” ಚನ್ನಮಲ್ಲಪ್ಪ ಮುಖ ನೋಡದೆ ಕೇಳಿದ.

“ಇಲ್ಲ. ಇನ್ನೂ ಮೂರು ತಿಂಗಳು ಬರುತ್ತೆ.”

“ಮತ್ತೆ?”

“ಮೂರು ತಿಂಗಳು ನನ್ನ ಕೈಲಿ ಆಗಲ್ಲ.” “ನೀವು ಬರಬಾರ್ದು ಅಂತ ವಾಷರ್ ಬದಲಾಯಿಸಲಿಲ್ಲ ರೀ. ಸುಮ್ಮನೆ ಬರ್ಲಿ ಅಂತ ಬದಲಾಯಿಸಿದೆ. ಗ್ಯಾಸ್ ಇರ್ಲಿ, ಬಿಡ್ಲಿ. ನನಗೆ ನೀವು ಬೇಕು.”

ಚನ್ನಮಲ್ಲಪ್ಪ ಒದ್ದೆ ಕೈ ಒರೆಸಿಕೊಂಡ, ಒರೆಸಿದ್ದನ್ನು ಮರೆತು ಮತ್ತೊಮ್ಮೆ ಒರೆಸಿಕೊಂಡ.

“ಅಣ್ಣಾ, ಇವತ್ತು ಸೋಡಾ ಇಲ್ಲ,” ಎಂದ ಮುಂದೆ ನಿಂತವನಿಗೆ.

“ಕಣ್ಮುಂದೇನೇ ಇದೆಯಲ್ಲಪ್ಪಾ!”

“ಇಲ್ಲ ಅಂದ್ನಲ್ಲ ಅಣ್ಣಾ, ನಾಳಿದ್ದು ಬಾ,” ಎನ್ನುತ್ತಾ ಅಂಗಡಿಯ ಬಾಗಿಲಿಗೆ ಹಲಗೆಗಳನ್ನು ಒಂದೊಂದಾಗಿ ಕೂರಿಸತೊಡಗಿದ. ಮೂರನೆಯದು ಕೂರಲೇ ಇಲ್ಲ. ಜಗದಾಂಬಾ ಬ್ಯಾಗನ್ನು ಕೆಳಗಿಟ್ಟು ಇನ್ನೊಂದು ತುದಿ ಹಿಡಿದಳು.