ನಂದಾಳ ಕಾಲು

ಒಂದು ಒದೆತಕ್ಕೆ ಒಂದು ಹಿಡಿ ಶೇಂಗಾ. ಹಳೆಯ ಬೆನ್ನುನೋವಾದರೆ ಜೊತೆಗೊಂದು ಉಂಡೆ ಬೆಲ್ಲ. ಕುಬಿಹಾಳದಲ್ಲಿ ನಂದಾಳ ದರ ಇಷ್ಟೇ.

"ಗ್ವಾಡಿ ಹಿಡಕೊಂಡು ಒದಿಯವ್ವಾ, ಬಿದ್ದಗಿದ್ದಿ," ಎಂದ ಅಜ್ಜ ಅಂದಾನೆಪ್ಪ. ಅಟ್ಟದ ಏಣಿಯಿಂದ ಜಾರಿಬಿದ್ದು ಅವನೇ ಜಗಲಿಯ ಮೇಲೆ ಬೋರಲು ಮಲಗಿದ್ದ.

ನಂದಾ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿದ್ದವು. ಅಂಥವರು ಒದ್ದರೆ ಬೆನ್ನಿನ ಉಳುಕು ಹೋಗುತ್ತದೆಂದು ಊರಿನ ನಂಬಿಕೆ. ಐದನೇ ಕ್ಲಾಸಿನ ಗಣಿತದಲ್ಲಿ ಅವಳು ಹಿಂದಿದ್ದರೂ ಊರಿನ ಬೆನ್ನುಗಳೆಲ್ಲ ಅವಳ ಕಾಲ ಕೆಳಗಿದ್ದವು.

ಒದ್ದಳು. ಅಜ್ಜ ನರಳಿದ.

"ನೋವು ಹೊರಗ ಬರಾಕತ್ತೈತಿ," ಎಂದ ಬಾಜು ಮನೆಯ ಹೊಳೆಯಪ್ಪ. "ಇನ್ನೊಂದು ಹಾಕು."

ಇನ್ನೊಂದು ಬಿತ್ತು. ಮರುದಿನ ಅಜ್ಜನಿಗೆ ಏಳಲಿಕ್ಕೇ ಆಗಲಿಲ್ಲ.

"ಒದಿ ಹಗೂರ ಬಿತ್ತು," ಎಂದ ಹೊಳೆಯಪ್ಪ. "ಶೇಂಗಾ ಕಡಿಮಿ ಕೊಟ್ಟೀರೇನು?"

ಅವ್ವ ಅವನ ಮಾತು ಕೇಳಲಿಲ್ಲ. ಆಂಬ್ಯುಲೆನ್ಸ್ ಕರೆಸಿ ಅಜ್ಜನನ್ನು ಹುಬ್ಬಳ್ಳಿಗೆ ಒಯ್ದಳು. ಹಠ ಮಾಡಿ ನಂದಾಳೂ ಹತ್ತಿದಳು. ಅಲ್ಲಿ ಅಜ್ಜನನ್ನು ದೊಡ್ಡ ಬಳೆಯಂಥ ಮಷಿನ್‌ನೊಳಗೆ ಸರಿಸಿ ಸಿಟಿ ಸ್ಕ್ಯಾನ್ ಮಾಡಿದರು.

"ಸವತಿಕಾಯಿ ಹೋಳು ಮಾಡಿ ನೋಡ್ತೀವಲ್ಲ, ಹಂಗ. ಆದ್ರ ಇಲ್ಲಿ ಕೊಯ್ಯೂದಿಲ್ಲ," ಎನ್ನುತ್ತ ಡಾಕ್ಟರ್ ಮೇಡಂ ಕಂಪ್ಯೂಟರಿನ ಮೇಲೆ ಬೆರಳಿಟ್ಟರು. ಬೆನ್ನೆಲುಬಿನ ಒಂದು ಮಣಿ ಬಿರುಕು ಬಿಟ್ಟಿತ್ತು.

ನಂದಾ ಮೇಡಂ ಹತ್ತಿರ ಸರಿದಳು. "ನಾ ಒದ್ದಿದ್ದಕ್ಕ ಆತೇನ್ರಿ?"

ಮೇಡಂ ಅವಳ ಕಾಲು ನೋಡಿದರು. "ಬಿದ್ದಾಗ ಆಗಿರಬೇಕು. ಒದ್ದಮ್ಯಾಲೆ ಹೆಚ್ಚಾತೋ ಇಲ್ಲೋ ಹೇಳಾಕ ಬರೂದಿಲ್ಲ. ಇನ್ನೊಂದು ಒದಿ ಬಿದ್ದಿದ್ರ ಅಜ್ಜಾರ ಕಾಲು ಹೋಗ್ತಿದ್ವೋ ಏನೋ."

ಬರುವಾಗ ನಂದಾ ದಾರಿಯುದ್ದಕ್ಕೂ ಅಜ್ಜನ ಕಾಲಿನ ಹೆಬ್ಬೆರಳು ಹಿಡಿದುಕೊಂಡೇ ಇದ್ದಳು. ಅದು ಅಲ್ಲಾಡಿದಾಗೊಮ್ಮೆ ಅವಳಿಗೆ ಉಸಿರು ಬರುತ್ತಿತ್ತು.

ಊರಲ್ಲಿ ಹೊಳೆಯಪ್ಪ ಸ್ಕ್ಯಾನಿನ ಫಿಲ್ಮನ್ನು ಬಿಸಿಲಿಗೆ ಹಿಡಿದು, ತಲೆಕೆಳಗಾಗಿ, ಬಹಳ ಹೊತ್ತು ಓದಿದ.

"ಎಲ್ಲಾ ಬರೋಬ್ಬರಿ ಐತಿ. ಈ ಹುಡುಗಿ ಒದಿಗೇ ಉಳುದಾನ ಮುದುಕ," ಎಂದ. ಆಮೇಲೆ ಶೇಂಗಾದ ಗಂಟು ಬಿಚ್ಚಿಟ್ಟು ತಾನೇ ಬೋರಲು ಮಲಗಿದ. "ನನ್ನ ನಡಾನೂ ಹಿಡದೈತಿ. ಬಾ ತಂಗಿ."

ನಂದಾ ಕಾಲು ಮಡಚಿ ಲಂಗದೊಳಗೆ ಎಳೆದುಕೊಂಡಳು.

"ಡಾಕ್ಟರಿಗೆ ತೋರಸ್ರಿ, ಕಾಕಾ. ನನ್ನ ಕಾಲಿಗೆ ಕಣ್ಣಿಲ್ಲ."

ಹೊಳೆಯಪ್ಪ ಸಿಟ್ಟಿನಿಂದ ಎದ್ದ. ಹಿಡಿದ ನಡ ಬಹಳ ಸಲೀಸಾಗಿ ಎದ್ದಿತು. ಶೇಂಗಾ ಗಂಟೂ ಅವನ ಜೊತೆಗೇ ಹೋಯಿತು.

ಅಂದಿನಿಂದ ನಂದಾಳಿಗೆ ಶೇಂಗಾ ಇಲ್ಲ, ಬೆಲ್ಲವೂ ಇಲ್ಲ. ದೀಪಾವಳಿ ರಜೆ ಮುಗಿದ ದಿನ ಅಜ್ಜ ಬೆನ್ನಿಗೆ ಆಸ್ಪತ್ರೆಯ ಬೆಲ್ಟ್ ಕಟ್ಟಿಕೊಂಡು, ಅವಳ ಕೈ ಹಿಡಿದು, ಶಾಲೆಯವರೆಗೂ ನಡೆದು ಬಂದ.